ಸೈಂಧವ ಉಪ್ಪು ಬಳಸಿದರೆ ಬಿಪಿ ಮಾತ್ರೆ ಬಿಡಬಹುದಾ?

ತಾಯಿಗೆ ಬಿಪಿ ಇದೆ, ಸೈಂಧವ ಉಪ್ಪಿಗೆ ಬದಲಾಯಿಸಿದರೆ ಮಾತ್ರೆ ನಿಲ್ಲಿಸಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ನಿಲ್ಲಿಸಬೇಡಿ. ಸೈಂಧವ ಉಪ್ಪಿನಲ್ಲೂ ಬಹುಪಾಲು ಇರುವುದು ಸಾಮಾನ್ಯ ಉಪ್ಪಿನ ಅದೇ ಸೋಡಿಯಂ ಕ್ಲೋರೈಡ್; ಬಿಪಿ ಏರಿಸುವುದು ಅದರ ಸೋಡಿಯಂ. ಉಪ್ಪು ಯಾವುದಾದರೂ ಅಳತೆಯೇ ಮುಖ್ಯ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ. ಸಾರು, ಪಲ್ಯಕ್ಕೆ ಹಾಕಿದ್ದು ಸಾಲದು ಅಂತ ಉಪ್ಪಿನಕಾಯಿ, ಹಪ್ಪಳ, ಬಾಳಕ, ಮಜ್ಜಿಗೆಗೆ ಇನ್ನೊಂದು ಚಿಟಿಕೆ. ಸುಮ್ನೆ ಲೆಕ್ಕ ಹಾಕಿ, ಜಾಸ್ತಿ ಆಗುತ್ತೆ ಅಲ್ವಾ? ಮೊದಲು ಇವನ್ನು ಕಡಿಮೆ ಮಾಡಿ. ರುಚಿಗೆ ನಿಂಬೆರಸ, ಮೆಣಸು, ಜೀರಿಗೆ, ಕೊತ್ತಂಬರಿ ಇವೆ.

ಅಂಗಡಿಯಲ್ಲಿ ಸೋಡಿಯಂ ಕಡಿಮೆ ಇರುವ ಉಪ್ಪೂ ಸಿಗುತ್ತೆ. ಅದರಲ್ಲಿ ಪೊಟ್ಯಾಸಿಯಂ ಇರುತ್ತೆ. ಕಿಡ್ನಿ ತೊಂದರೆ ಇದ್ದರೆ, ಇಲ್ಲವೇ ಟೆಲ್ಮಿಸಾರ್ಟನ್ ಥರದ ಬಿಪಿ ಮಾತ್ರೆ ತಗೊಳ್ಳುತ್ತಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಜಾಸ್ತಿ ಆಗಬಹುದು, ಡಾಕ್ಟರನ್ನು ಕೇಳದೆ ಆ ಉಪ್ಪನ್ನು ತರಬೇಡಿ.