ರೀಇಶ್ಯೂ ಕ್ಯಾಸಿನೊ ಗಿಟಾರಿಗೆ ಹಳೇ ಕಾಲದ ದನಿ ಬರಬೇಕಾದರೆ ಪಿಕಪ್ ಬದಲಿಸಲೇಬೇಕೆ?

ನಿಮ್ಮ ಕ್ಯಾಸಿನೊ (ಎಪಿಫೋನ್ ಕಂಪನಿಯ ಹಳೇ ಗಿಟಾರ್ ಮಾದರಿಯ ಮರುತಯಾರಿ) ಬಗ್ಗೆ ದೂರು ಮೂರು. ಮೈಸೂರಿನ ಸರಸ್ವತಿಪುರಂ ಮನೆಯಲ್ಲಿ ನುಡಿಸಿದರೆ ದನಿ ಮಂಕು, ಸ್ಟೇಜ್ ಮೇಲೆ ಜೋರು ಮಾಡಿದರೆ ಊಳಿಡುತ್ತದೆ, ಕರೆಂಟ್ ಹೋಗಿ ಯುಪಿಎಸ್ ಶುರುವಾದರೆ ಗುರ್ ಅನ್ನುತ್ತದೆ. ಅದಕ್ಕೇ ತಂತಿಯ ನಡುಕವನ್ನು ಆಂಪ್‌ಗೆ ಕಳಿಸುವ ಪಿಕಪ್ ಬದಲಿಸಿ, ಪಿ-90 (ಒಂದೇ ಕಾಯಿಲ್, ಅಂದರೆ ಒಂದೇ ತಂತಿ ಸುರುಳಿಯದು) ಕಿತ್ತು ಪಿಎಎಫ್ ಮಾದರಿಯ ಹಂಬಕರ್ (ಗುಂಯ್ ಅಡಗಿಸುವ ಎರಡು ಕಾಯಿಲಿನದು) ಹಾಕಿಸಲೇ ಅಂತ ಕೇಳಿದ್ದೀರಿ. ಬೇಡ. ಹಂಬಕರ್‌ನಿಂದ ಗುರ್ ಸದ್ದು ಕಡಿಮೆಯಾದೀತು, ಮಿಕ್ಕ ಎರಡಕ್ಕೂ ಅದು ಮದ್ದಲ್ಲ.

ಕ್ಯಾಸಿನೊ 1961ರಲ್ಲಿ ಬಂದದ್ದು, 1959ರ ಗಿಬ್ಸನ್ ಇಎಸ್-330ರ ತಮ್ಮ ಅನ್ನಿ. ಒಳಗೆ ಪೂರ್ತಿ ಟೊಳ್ಳು. 1958ರ ಇಎಸ್-335 ನೋಡಲು ಹಾಗೇ ಇದ್ದರೂ ಅದರ ನಡುವೆ ಉದ್ದಕ್ಕೂ ಮೇಪಲ್ ದಿಮ್ಮಿ ಇದೆ. ಅದರ ಹಂಬಕರ್ ದನಿಯಲ್ಲಿ ಅರ್ಧ ಆ ದಿಮ್ಮಿಯದೇ. ನಿಮ್ಮದಕ್ಕೆ ಹಂಬಕರ್ ಕೂರಿಸಲು ಮೇಲಿನ ಪ್ಲೈ ಕೊರೆಯಬೇಕು. ಕೊರೆದ ಮೇಲೆ ಅದು 335 ಆಗುವುದಿಲ್ಲ, ಕ್ಯಾಸಿನೊ ಆಗಿಯೂ ಉಳಿಯುವುದಿಲ್ಲ. ಇನ್ನು ಮಾರುವವರು ತೋರಿಸಿದ ‘ಪೇಟೆಂಟ್ ಅಪ್ಲೈಡ್ ಫಾರ್’ (ಪಿಎಎಫ್ ಅಂದರೆ ಇದೇ) ಸ್ಟಿಕ್ಕರ್ ನಂಬಿ ದುಡ್ಡು ಕೊಡಬೇಡಿ. ಹಂಬಕರ್ ರೂಪಿಸಿದ ಗಿಬ್ಸನ್ ಎಂಜಿನಿಯರ್ ಸೆತ್ ಲವರ್ ಅರ್ಜಿ ಹಾಕಿದ್ದು 1955ರಲ್ಲಿ, ಪೇಟೆಂಟ್ ಸಿಕ್ಕಿದ್ದು 1959ರಲ್ಲಿ, ಸ್ಟಿಕ್ಕರ್ ಅಚ್ಚು ಹಾಕಲು ಇವತ್ತು ಅಗ್ರಹಾರದ ಯಾವ ಪ್ರೆಸ್ಸಾದರೂ ಸಾಕು.

ಮೊದಲು ತಂತಿ ನೋಡಿ. ಪ್ಯಾಕೆಟ್ ಮೇಲೆ ‘ಫಾಸ್ಫರ್ ಬ್ರಾಂಜ್’ ಅಂತಿದ್ದರೆ ಅದು ಅಕೂಸ್ಟಿಕ್ ಗಿಟಾರಿನ ಸೆಟ್. ಅಂಗಡಿಯಲ್ಲಿ ಬರೀ ‘ಗಿಟಾರ್ ಸ್ಟ್ರಿಂಗ್’ ಅಂತ ಕೇಳಿದರೆ ಕೈಗೆ ಸಿಗುವುದು ಹೆಚ್ಚಾಗಿ ಅದೇ. ಮೇಲೆ ಸುತ್ತಿದ ಕಂಚಿನ ಎಳೆಗೆ ಅಯಸ್ಕಾಂತ ಸ್ಪಂದಿಸದು, ಒಳಗಿನ ಉಕ್ಕಿನ ಎಳೆ ಮಾತ್ರ ಪಿಕಪ್‌ಗೆ ಕೇಳುತ್ತದೆ, ದಪ್ಪ ತಂತಿಗಳು ಸಪ್ಪೆಯಾಗುತ್ತವೆ. ಶುದ್ಧ ನಿಕಲ್ ಸುತ್ತಿನ 11ರ ಸೆಟ್ (ಅತಿ ಸಣ್ಣ ತಂತಿ 0.011 ಇಂಚಿನದು) ಹಾಕಿ. ಹಳೇ ಜಾಝ್ ದನಿಯೇ ಬೇಕಿದ್ದರೆ 12ರ ಫ್ಲಾಟ್‌ವೌಂಡ್ (ಚಪ್ಪಟೆ ಸುತ್ತಿನ ತಂತಿ). ಆಗ ಮೂರನೇ ತಂತಿಯೂ ಸುತ್ತಿನದಾಗಿರುತ್ತದೆ, ನಟ್‌ನ (ಕತ್ತಿನ ತುದಿಯಲ್ಲಿ ತಂತಿ ಕೂರುವ ಪಟ್ಟಿ) ಕಚ್ಚು ಅಗಲಿಸಬೇಕು, ಇಂಟೊನೇಷನ್ (ಎಲ್ಲ ಫ್ರೆಟ್‌ಗಳಲ್ಲೂ ಶ್ರುತಿ ಕೂಡುವುದು) ಹೊಸದಾಗಿ ಕೂರಿಸಬೇಕು.

ಪಿಕಪ್ ಎತ್ತರದ ವಿಷಯಕ್ಕೆ ತಾಳ್ಮೆ ಬೇಕು, ಫಲ ಸಿಗುವುದೂ ಇಲ್ಲೇ. ನಿಮ್ಮ ಪಿ-90 ‘ಡಾಗ್ ಇಯರ್’ ಜಾತಿಯದು, ಎರಡು ಕಿವಿಗಳ ಸ್ಕ್ರೂ ನೇರ ಮೇಲ್ಹಲಗೆಗೆ. ಹಂಬಕರ್‌ನಂತೆ ಸ್ಪ್ರಿಂಗ್ ಇಲ್ಲ, ಸ್ಕ್ರೂ ತಿರುಗಿಸಿ ಏರಿಸಲಾಗದು. ತಂತಿಯನ್ನು ಕೊನೇ ಫ್ರೆಟ್‌ನಲ್ಲಿ ಒತ್ತಿ ಹಿಡಿದು ಪೋಲ್ ಸ್ಕ್ರೂ (ಪಿಕಪ್ ಮೇಲೆ ಪ್ರತಿ ತಂತಿಯ ಕೆಳಗಿರುವ ಸ್ಕ್ರೂ) ತಲೆಗೂ ತಂತಿಗೂ ನಡುವಿನ ಸಂದು ಅಳೆಯಿರಿ. ದಪ್ಪ ತಂತಿಯ ಕಡೆ 2.4 ಮಿ.ಮೀ., ಸಣ್ಣ ತಂತಿಯ ಕಡೆ 1.6 ಮಿ.ಮೀ. ಇದ್ದರೆ ಆರಂಭಕ್ಕೆ ಸರಿ. ಬ್ರಿಜ್ ಪಿಕಪ್‌ನಲ್ಲಿ ಸಂದು 4 ಮಿ.ಮೀ. ಇದ್ದರೆ ದನಿ ತೆಳ್ಳಗೆ, ದೂರದಿಂದ ಕೇಳಿದಂತಿರುತ್ತದೆ. ಪಿಕಪ್ ಏರಿಸಲು ಅವಧಿ ಮುಗಿದ ಎಟಿಎಂ ಕಾರ್ಡ್ ಹೇಳಿ ಮಾಡಿಸಿದ್ದು, ದಪ್ಪ 0.76 ಮಿ.ಮೀ. ಪಿಕಪ್ ಕವರಿನ ತಳದ ಆಕಾರ ಕಾಗದದ ಮೇಲೆ ಬರೆದುಕೊಂಡು ಕತ್ತರಿಸಿ, ಕಿವಿಗಳ ಕೆಳಗೆ ಎರಡು ಪದರ ಕೊಡಿ. ಮೂರಕ್ಕಿಂತ ಹೆಚ್ಚಾದರೆ ಹಳೇ ಸ್ಕ್ರೂ ಹಿಡಿತ ಸಾಲದು, ಉದ್ದದ್ದು ತನ್ನಿ. ಕಾರ್ಡ್ ಬಿಟ್ಟು ಬರೀ ಪೋಲ್ ಸ್ಕ್ರೂಗಳನ್ನೇ ಮೇಲೆತ್ತುವವರಿದ್ದಾರೆ. ಅದರಿಂದ ಕಾಯಿಲ್ ತಂತಿಯಿಂದ ದೂರವೇ ಉಳಿಯುತ್ತದೆ, ದನಿಯ ಮೈ ತುಂಬುವುದಿಲ್ಲ. ಸ್ಕ್ರೂ ಇರುವುದು ತಂತಿ ತಂತಿಯ ನಡುವಿನ ಸಮತೂಕಕ್ಕೆ. ಮೂರನೇ ತಂತಿ ಸುತ್ತಿಲ್ಲದ್ದಾದರೆ ಅದೊಂದೇ ಚೀರುತ್ತದೆ, ಅದರ ಸ್ಕ್ರೂ ಒಂದು ಸುತ್ತು ಇಳಿಸಿ.

ಮಂಕಿಗೆ ಇನ್ನೊಂದು ಕಾರಣ ಕೇಬಲ್. ಸಾಮಾನ್ಯ ಕೇಬಲ್ ಮೀಟರಿಗೆ ಸುಮಾರು 100 ಪಿಕೋಫ್ಯಾರಡ್ ಹೊರೆ ಹಾಕುತ್ತದೆ. ಪಿಕಪ್ ಇಂಡಕ್ಟನ್ಸ್ 7 ಹೆನ್ರಿ, ಅದರದೇ ಕೆಪಾಸಿಟನ್ಸ್ 100 ಪಿಕೋಫ್ಯಾರಡ್ ಅಂದುಕೊಳ್ಳಿ: 3 ಮೀಟರ್ ಕೇಬಲ್‌ಗೆ ಅದರ ಅನುರಣನದ ಶಿಖರ 3,000 ಹರ್ಟ್ಸ್ ಹತ್ತಿರ, 6 ಮೀಟರ್‌ಗೆ 2,300ರ ಹತ್ತಿರ. ಶಿಖರ ಇಳಿದಷ್ಟೂ ದನಿ ಮಂಕು, ಮನೆಯೊಳಗೆ 6 ಮೀಟರ್ ಸುರುಳಿ ಯಾಕೆ?

ಆಮೇಲೆ ಪಾಟ್‌ಗಳು, ಅಂದರೆ ವಾಲ್ಯೂಮ್, ಟೋನ್ ನಾಬ್‌ಗಳ ಕೆಳಗಿನ ರೋಧಕಗಳು. 500ಕೆ (ಕಿಲೋಓಮ್) ಅಂತ ಬರೆದಿದ್ದರೂ 400 ಇರಬಹುದು, 600 ಇರಬಹುದು. ಬದಲಿಸುವುದಾದರೆ ವೈರಿಂಗನ್ನೂ ಐವತ್ತರ ದಶಕದ ರೀತಿಗೆ ತಿರುಗಿಸಿ: 0.022 ಮೈಕ್ರೋಫ್ಯಾರಡ್ ಕೆಪಾಸಿಟರಿನ ಕಾಲನ್ನು ವಾಲ್ಯೂಮ್ ಪಾಟ್‌ಗೆ ಪಿಕಪ್ ತಂತಿ ಬರುವ ಕಡೆಯಿಂದ ಬಿಡಿಸಿ ನಡುವಿನ ಕಾಲಿಗೆ ಬೆಸೆಯಿರಿ. ಆಗ ವಾಲ್ಯೂಮ್ 6ಕ್ಕೆ ಇಳಿಸಿದರೂ ಟ್ರೆಬಲ್ ಸಾಯುವುದಿಲ್ಲ. ಟೋನ್ ತಿರುಗಿಸಿದಾಗ ವಾಲ್ಯೂಮೂ ಒಂದಿಷ್ಟು ಅಲುಗಾಡುತ್ತದೆ, ಅದು ಈ ವೈರಿಂಗಿನ ಗುಣ. ಸಾವಿರಾರು ರೂಪಾಯಿಯ ಹಳೇ ಕೆಪಾಸಿಟರ್ ಬೇಡ, ಬೆಲೆ ಸರಿಯಾಗಿದ್ದರೆ ಸಾದಾ ಪಾಲಿಯೆಸ್ಟರ್‌ದೇ ಸಾಕು.

ಕಷ್ಟ ಇರುವುದು ಪಾಟ್‌ಗಳನ್ನು ಹೊರಗೆ ತೆಗೆಯುವುದರಲ್ಲಿ. ಹಿಂದೆ ಮುಚ್ಚಳವಿಲ್ಲ, ಎಲ್ಲ ಎಫ್ ಆಕಾರದ ರಂಧ್ರದಿಂದಲೇ ಆಗಬೇಕು. ನಾಬ್ ಕಿತ್ತ ಮೇಲೆ ಪ್ರತಿ ಪಾಟ್‌ನ ಸೀಳಿದ ದಂಡಕ್ಕೆ ಚಪ್ಪಲಿ ಹೊಲಿಯುವ ಮೇಣದ ದಾರ ಬಿಗಿಯಾಗಿ ಕಟ್ಟಿ, ಗಂಟು ಸೀಳಿನೊಳಗೆ ಕೂರಲಿ. ನಟ್ಟು ಬಿಚ್ಚಿ ಪಾಟನ್ನು ಒಳಕ್ಕೆ ತಳ್ಳಿದರೂ ದಾರದ ತುದಿ ರಂಧ್ರದಿಂದ ಹೊರಗೆ ತೂಗುತ್ತಿರಬೇಕು. ಕನಿಷ್ಠ ಒಂದೂವರೆ ಅಡಿ ದಾರ ಬಿಡಿ, ನಾಲ್ಕಕ್ಕೂ ಚೀಟಿ ಅಂಟಿಸಿ. ಬೆಸುಗೆಯೆಲ್ಲ ಹೊರಗೆ, ಅದೇ ಅಂತರದಲ್ಲಿ ತೂತು ಮಾಡಿದ ರಟ್ಟಿನ ಮೇಲೆ. ವಾಪಸ್ ಹಾಕುವಾಗ ದಾರಗಳನ್ನು ಹೊಸ ದಂಡಗಳಿಗೆ ಕಟ್ಟಿ ಒಂದೊಂದನ್ನೇ ಎಳೆದುಕೊಂಡರೆ ತಮ್ಮ ತೂತಿಗೆ ತಾವೇ ಬಂದು ಕೂರುತ್ತವೆ. ಎಳೆಯುವಾಗ ಪಿಕಪ್‌ನ ಹೆಣೆದ ತಂತಿ ಕಿತ್ತು ಬರುವುದೇ ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು.

ಊಳು ಎರಡು ಥರ, ಮದ್ದೂ ಬೇರೆ ಬೇರೆ. ದಪ್ಪ ದನಿಯ ‘ಊಂ’ ಬಂದರೆ ಅದು ಮೇಲ್ಹಲಗೆ ಆಂಪ್‌ನ ಜೊತೆ ನಡುಗುವುದು. ಆಂಪ್‌ಗೆ ಎದುರಾಗಿ ನಿಲ್ಲಬೇಡಿ, ಅದನ್ನು ಮರದ ಸ್ಟೇಜಿನ ಮೇಲೆ ಇಡದೆ ಕುರ್ಚಿ ಮೇಲೆ ಇಡಿ, ಎಫ್ ರಂಧ್ರಗಳಿಗೆ ಫೋಮ್ ತುಂಡು ತುರುಕಿ. ಫೋಮಿಗೂ ದಾರ ಕಟ್ಟಿರಿ, ಒಳಗೆ ಬಿದ್ದರೆ ತೆಗೆಯುವುದು ದೊಡ್ಡ ಪಾಡು. ಟೇಪ್ ಅಂಟಿಸಬೇಡಿ, ಪಾಲಿಶ್ ಎದ್ದು ಬರುತ್ತದೆ. ಬ್ರಿಜ್ ಹಿಂದಿನ ತಂತಿಗಳ ನಡುವೆ ಬಟ್ಟೆಯ ಪಟ್ಟಿ ಹೆಣೆದರೆ ಅಲ್ಲಿನ ಕಿಣಿಕಿಣಿಯೂ ನಿಲ್ಲುತ್ತದೆ. ಕೀರಲು ಶಿಳ್ಳೆ ಬಂದರೆ ಮಾತ್ರ ತಪ್ಪು ಪಿಕಪ್‌ದು. ಕವರನ್ನು ಉಗುರಿನಿಂದ ತಟ್ಟಿ, ಆಂಪ್‌ನಲ್ಲಿ ಟಕ್ ಟಕ್ ಅಂತ ಜೋರಾಗಿ ಕೇಳಿಸಿದರೆ ಕಾಯಿಲ್ ಸಡಿಲ. ಆಗ ಕವರ್ ತೆಗೆದಿಟ್ಟು, 80 ಪಾಲು ಪ್ಯಾರಾಫಿನ್, 20 ಪಾಲು ಜೇನುಮೇಣ ಕರಗಿಸಿ, ಬಿಸಿನೀರಿನ ಪಾತ್ರೆಯೊಳಗಿಟ್ಟ ಡಬ್ಬಿಯಲ್ಲಿ 60ರಿಂದ 65 ಡಿಗ್ರಿಗೆ ನಿಲ್ಲಿಸಿ ಪಿಕಪ್ ಮುಳುಗಿಸಿ. ಗುಳ್ಳೆ ನಿಲ್ಲುವ ತನಕ, ಹತ್ತು ಹದಿನೈದು ನಿಮಿಷ. ನೇರ ಉರಿಯ ಮೇಲೆ ಬೇಡ, ಮೇಣಕ್ಕೆ ಬೆಂಕಿ ಹತ್ತುತ್ತದೆ, ಬಾಬಿನ್ (ಕಾಯಿಲ್ ಸುತ್ತಿದ ಚೌಕಟ್ಟು) ಸೊಟ್ಟಗಾಗುತ್ತದೆ. ಶಿಳ್ಳೆ ಇಲ್ಲದಿದ್ದರೆ ಮೇಣದ ತಂಟೆಗೇ ಹೋಗಬೇಡಿ. ಹಳೇ ಪಿ-90ಗಳಿಗೆ ಮೇಣ ಇರಲಿಲ್ಲ, ಆ ಗಾಳಿಯಾಡುವ ದನಿಗೆ ಅದೂ ಒಂದು ಕಾರಣ.

ಗುರ್ ಸದ್ದು ಸ್ಕ್ವೇರ್ ವೇವ್ ಯುಪಿಎಸ್ಸಿನ ಕೊಡುಗೆ ಇರಬಹುದು. ಪಿ-90 ಒಂದೇ ಕಾಯಿಲಿನದು, 50 ಹರ್ಟ್ಸ್ ಗುಂಯ್ ಜೊತೆಗೆ ಆ ಕಸವನ್ನೆಲ್ಲ ಹಿಡಿದುಕೊಳ್ಳುತ್ತದೆ. ಕುರ್ಚಿ ತಿರುಗಿಸುತ್ತಾ ನೋಡಿ, ಒಂದು ದಿಕ್ಕಿನಲ್ಲಿ ಸದ್ದು ಇಳಿಯುತ್ತದೆ. ಹಳೇ ಮನೆಗಳಲ್ಲಿ ಮೂರು ತೂತಿನ ಸಾಕೆಟ್ ಇದ್ದರೂ ಎಷ್ಟೋ ಸಲ ಅರ್ಥ್ ಎಳೆದಿರುವುದಿಲ್ಲ. ತಂತಿ ಮುಟ್ಟಿದಾಗ ಕೈ ಜುಮ್ ಅಂದರೆ ಅವತ್ತೇ ನಿಲ್ಲಿಸಿ ಎಲೆಕ್ಟ್ರೀಷಿಯನ್ ಕರೆಸಿ.

ಇಷ್ಟಾದ ಮೇಲೂ ಪಿಕಪ್ ಬೇಕೆನಿಸಿದರೆ ಡಾಗ್ ಇಯರ್ ಪಿ-90ನೇ ತೆಗೆದುಕೊಳ್ಳಿ: 42 ಗೇಜ್ ತಂತಿ, ಸುಮಾರು 8ಕೆ ರೋಧ, ಅಲ್ನಿಕೋ ಅಯಸ್ಕಾಂತ. 10ಕೆ ಇರುವುದು ‘ಹೆಚ್ಚು ಪವರ್’ ಅಂತ ಮಾರುತ್ತಾರೆ, ಸುತ್ತು ಹೆಚ್ಚಿದಷ್ಟೂ ಮೇಲಿನ ಮಿಂಚು ಹೋಗುತ್ತದೆ. ಕೊಳ್ಳುವ ಮುಂಚೆ ಸ್ವಿಚ್ ನಡುವೆ ಇಟ್ಟು ಕೇಳಿ. ಅಲ್ಲಿ ಗುಂಯ್ ಸದ್ದು ನಿಂತರೆ ನಿಮ್ಮ ಎರಡು ಪಿಕಪ್‌ಗಳು ಒಂದಕ್ಕೊಂದು ಉಲ್ಟಾ ಸುತ್ತು, ಉಲ್ಟಾ ಧ್ರುವದ ಜೋಡಿ. ಒಂದನ್ನೇ ಬದಲಿಸಿದರೆ ಆ ಜೋಡಿ ಮುರಿಯಬಹುದು. ಎರಡನ್ನೂ ಜೊತೆಯಾಗಿಯೇ ತರಿಸಿ.