ಗರ್ಭಿಣಿ ಹೆಂಡತಿಯ ವಿಡಿಆರ್‌ಎಲ್ (ಲೈಂಗಿಕ ಸೋಂಕು ಸಿಫಿಲಿಸ್‌ಗಾಗಿ ಮಾಡುವ ರಕ್ತಪರೀಕ್ಷೆ) ರಿಯಾಕ್ಟಿವ್, ನನ್ನದು ನಾನ್-ರಿಯಾಕ್ಟಿವ್. ಮತ್ತೆ ಯಾವ ಲ್ಯಾಬ್‌ನಲ್ಲಿ ಮಾಡಿಸಿದರೆ ನಿಖರ?

ಯಾವ ಲ್ಯಾಬ್‌ಗೂ ಹೋಗಬೇಡಿ. ಲ್ಯಾಬ್‌ನಿಂದ ಲ್ಯಾಬ್‌ಗೆ ಅಲೆದು ಬಂದವಳು ನಾನು.

ಮೊದಲ ಬಸುರಿನ ಮೂರನೇ ತಿಂಗಳು. ಹಿಮೋಗ್ಲೋಬಿನ್, ಶುಗರ್, ಥೈರಾಯ್ಡ್ ಎಲ್ಲ ಸರಿಯಿದ್ದ ವರದಿಯ ಕೊನೆಯಲ್ಲಿ 'ವಿಡಿಆರ್‌ಎಲ್: ವೀಕ್ಲಿ ರಿಯಾಕ್ಟಿವ್, 1:2' ಎಂದಿತ್ತು. ಲ್ಯಾಬಿನ ಹುಡುಗ ಹಾಳೆ ಮಡಿಸಿ, ನನ್ನ ಮುಖ ನೋಡದೆ, "ಡಾಕ್ಟರಿಗೆ ತೋರಿಸಿ ಮೇಡಂ" ಎಂದ. ಡಾಕ್ಟರ್ ಸಿಗುವುದು ಸೋಮವಾರ. ಅಲ್ಲಿಯವರೆಗೆ ಕಾಯುವ ತಾಳ್ಮೆ ಯಾರಿಗಿತ್ತು? ಮೊಬೈಲಿನಲ್ಲಿ ಹುಡುಕಿದರೆ ಸಿಫಿಲಿಸ್ ಎಂದು ಬಂತು. ನನ್ನ ಮೇಲೆ ನನಗೆ ಸಂಶಯವಿರಲಿಲ್ಲ. ಉಳಿದವರು ಕೆಲಸದ ಮೇಲೆ ಹುಬ್ಬಳ್ಳಿ, ಬೆಳಗಾವಿ ಎಂದು ವಾರಗಟ್ಟಲೆ ತಿರುಗುವ ಗಂಡ.

ಮರುದಿನ ಇನ್ನೊಂದು ಲ್ಯಾಬ್‌ನಲ್ಲಿ ಅದೇ ವಿಡಿಆರ್‌ಎಲ್ ಮಾಡಿಸಿದೆ. 1:4 ಬಂತು. ಎರಡು ನಾಲ್ಕಾಯಿತು, ರೋಗ ಒಂದೇ ದಿನದಲ್ಲಿ ಇಮ್ಮಡಿಯಾಯಿತು ಎಂದು ಲೆಕ್ಕ ಹಾಕಿದೆ. ಅತ್ತೆಯ ಎದುರಿಗೇ ಗಂಡನನ್ನು ಕೇಳಬಾರದ್ದೆಲ್ಲ ಕೇಳಿ, ತವರಿನ ಬಸ್ ಹತ್ತಿದೆ.

ನನ್ನ ಲೆಕ್ಕವೇ ತಪ್ಪು. 1:2 ಎಂದರೆ ಸೀರಮ್ ಅನ್ನು, ಅಂದರೆ ರಕ್ತದ ತಿಳಿಯನ್ನು, ಎರಡು ಪಟ್ಟು ತೆಳುಮಾಡಿದಾಗಲೂ ಪ್ರತಿಕ್ರಿಯೆ ಕಂಡಿತು ಎಂದಷ್ಟೇ ಅರ್ಥ. 1:4 ಅದರ ಮುಂದಿನ ಮೆಟ್ಟಿಲು. ನೋಡುವುದು ಯಂತ್ರವೂ ಅಲ್ಲ. ಗಾಜಿನ ಪಟ್ಟಿಯ ಮೇಲೆ ಸೀರಮ್‌ಗೆ ಒಂದು ಹನಿ ದ್ರಾವಣ ಬೆರೆಸಿ, ಕೆಲವು ನಿಮಿಷ ಅಲುಗಾಡಿಸಿ, ಕಣಗಳು ಗಂಟುಗಟ್ಟಿವೆಯೇ ಎಂದು ಟೆಕ್ನಿಷಿಯನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಂದಾಜಿನಿಂದ ಹೇಳುತ್ತಾರೆ. ಒಂದು ಮೆಟ್ಟಿಲು ಆಚೀಚೆ ಆಗುವುದು ಮಾಮೂಲು. 1:2 ಇದ್ದದ್ದು 1:8 ಆದರೆ, ಅಂದರೆ ನಾಲ್ಕು ಪಟ್ಟು ಏರಿದರೆ ಮಾತ್ರ ವೈದ್ಯರು ಅದನ್ನು ಏರಿಕೆ ಎನ್ನುತ್ತಾರೆ. ಅದೂ ಒಂದೇ ಬಗೆಯ ಪರೀಕ್ಷೆಯನ್ನು, ಸಾಧ್ಯವಾದರೆ ಒಂದೇ ಲ್ಯಾಬ್‌ನಲ್ಲಿ ಮಾಡಿಸಿದಾಗ. ನಾನು ಎರಡು ಊರಿನ ತಕ್ಕಡಿಯಲ್ಲಿ ತೂಗಿ ಜಗಳಕ್ಕೆ ನಿಂತಿದ್ದೆ.

ಇನ್ನೊಂದು ವಿಷಯವನ್ನು ಡಾಕ್ಟರ್ ಸೋಮವಾರ ಹೇಳಿದರು. ವಿಡಿಆರ್‌ಎಲ್ ಸಿಫಿಲಿಸ್‌ನ ರೋಗಾಣುವನ್ನು ಹುಡುಕುವುದೇ ಇಲ್ಲ. ದನದ ಹೃದಯದಿಂದ ತೆಗೆದ ಕಾರ್ಡಿಯೊಲಿಪಿನ್ ಎಂಬ ಕೊಬ್ಬಿನಂಶದೊಂದಿಗೆ ಸೇರುವ ಪ್ರತಿಕಾಯ ರಕ್ತದಲ್ಲಿದೆಯೇ ಎಂದು ನೋಡುತ್ತದೆ. ಅದು ಸಿಫಿಲಿಸ್‌ನಲ್ಲಿ ಹುಟ್ಟುತ್ತದೆ. ಮಲೇರಿಯಾ, ಕುಷ್ಠ, ಲೂಪಸ್‌ನಲ್ಲೂ ಹುಟ್ಟಬಹುದು. ಕೆಲವರಿಗೆ ಬರಿಯ ಬಸುರಿನಲ್ಲೂ. "ಅದನ್ನೇ ಮತ್ತೆ ಯಾಕೆ ಮಾಡಿಸಿದಿರಿ?" ಎಂದು ಗದರಿ, ರೋಗಾಣುವಿನ ವಿರುದ್ಧದ ಪ್ರತಿಕಾಯವನ್ನೇ ನೋಡುವ ಟಿಪಿಎಚ್‌ಎ ಬರೆದುಕೊಟ್ಟರು. ನೆಗೆಟಿವ್ ಬಂತು. ಹೆರಿಗೆಯಾದ ಮೇಲೆ ವಿಡಿಆರ್‌ಎಲ್ ಕೂಡ ನಾನ್-ರಿಯಾಕ್ಟಿವ್ ಆಯಿತು. ಅತ್ತೆ ಮಾತ್ರ ಆ ಸಂಜೆಯ ಮಾತನ್ನು ಇಂದಿಗೂ ಎತ್ತಿ ಆಡುತ್ತಾರೆ. ತಪ್ಪು ಅವರದಲ್ಲ.

ನಿಮ್ಮ ಪ್ರಶ್ನೆಯ ಹಿಂದೆ ಹೆಂಡತಿಯ ಮೇಲಿನ ಸಂಶಯವಿದೆ, ಸಿಟ್ಟಾಗಬೇಡಿ. ನಿಮ್ಮ ನಾನ್-ರಿಯಾಕ್ಟಿವ್ ನಿಮಗೆ ಕೊಟ್ಟ ಪ್ರಮಾಣಪತ್ರವಲ್ಲ. ಸೋಂಕು ತಗುಲಿದ ಮೊದಲ ವಾರಗಳಲ್ಲಿ ವಿಡಿಆರ್‌ಎಲ್ ಏನೂ ತೋರಿಸದಿರಬಹುದು. ಬಹಳ ಹಳೆಯ ಸೋಂಕಿನಲ್ಲೂ ತಾನಾಗಿಯೇ ಮಂಕಾಗಬಹುದು. ಹಾಗಾಗಿ ಟಿಪಿಎಚ್‌ಎ ಇಬ್ಬರೂ ಮಾಡಿಸಿ. ಅದು ಪಾಸಿಟಿವ್ ಬಂದರೂ ಯಾರಿಂದ, ಯಾವಾಗ ಎಂದು ಹೇಳುವುದಿಲ್ಲ: ಗುಣವಾದವರಲ್ಲೂ ಸಾಮಾನ್ಯವಾಗಿ ಜೀವಮಾನವಿಡೀ ಪಾಸಿಟಿವ್ ಆಗಿಯೇ ಉಳಿಯುತ್ತದೆ.

ನನಗೆ ಸುಳ್ಳು ರಿಯಾಕ್ಟಿವ್ ಬಂತೆಂದು ನೀವು ಸುಮ್ಮನೆ ಕೂರಬೇಡಿ. ಇದು ನಿಜವಾದ ಸಿಫಿಲಿಸ್ ಆಗಿದ್ದರೆ ಚಿಕಿತ್ಸೆಯಿಲ್ಲದೆ ಮಗು ಹೊಟ್ಟೆಯಲ್ಲೇ ಸಾಯಬಹುದು, ಹುಟ್ಟುವಾಗಲೇ ಸೋಂಕು ಹೊತ್ತು ಬರಬಹುದು. ಔಷಧಿ ಹಳೆಯ ಬೆಂಜಥೀನ್ ಪೆನಿಸಿಲಿನ್ ಚುಚ್ಚುಮದ್ದೇ. ಎಷ್ಟು ಬಾರಿ ಎಂಬುದನ್ನು ವೈದ್ಯರು ನಿರ್ಧರಿಸುತ್ತಾರೆ. ಖಾಸಗಿ ಲ್ಯಾಬ್‌ಗೆ ಸುರಿಯುವ ದುಡ್ಡು ಉಳಿಸಿ, ಜಿಲ್ಲಾ ಆಸ್ಪತ್ರೆಯಲ್ಲಿ ಲೈಂಗಿಕ ಸೋಂಕುಗಳನ್ನು ನೋಡುವ ಸುರಕ್ಷಾ ಕ್ಲಿನಿಕ್‌ಗೆ ಹೋಗಿ. ಅಲ್ಲಿ ಆಪ್ತಸಮಾಲೋಚಕರೂ ಇರುತ್ತಾರೆ. ಇಬ್ಬರೂ ಒಟ್ಟಿಗೆ ಹೋಗಿ, ವರದಿಯನ್ನು ಅವರ ಎದುರಿಗೇ ತೆರೆಯಿರಿ.