ಅಣ್ಣನಿಗೆ ಭ್ರಮೆ, ತಮ್ಮನಿಗೆ ನಡುಕ: ಕಾಯಿಲೆ ಒಂದೇನಾ?

ಪ್ರಿಯ ಓದುಗರೇ,

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುತ್ತಿಲ್ಲ. ಬೇರೆ ಓದುಗರಿಗೂ ಗೊತ್ತಾಗಲಿ ಎಂದು ನಿಮ್ಮ ಪತ್ರದ ಸಾರ ಮೊದಲು ಹೇಳಿಬಿಡುತ್ತೇನೆ. ನಿಮ್ಮ ಅಪ್ಪನಿಗೆ 58ನೇ ವಯಸ್ಸಿನಲ್ಲಿ ಪಾರ್ಕಿನ್ಸನ್ ಶುರುವಾಗಿ ಈಗ 11 ವರ್ಷ. ಸುಮ್ನೆ ಕೂತಿದ್ದಾಗ ಬಲಗೈ ನಡುಗುತ್ತದೆ, ಲೋಟಕ್ಕೆ ಕೈ ಚಾಚಿದ ಕೂಡಲೇ ನಡುಕ ನಿಲ್ಲುತ್ತದೆ. ನೆನಪು, ಲೆಕ್ಕ ಎಲ್ಲ ಚುರುಕಾಗಿದೆ. ದೊಡ್ಡಪ್ಪನಿಗೆ ಕಾಯಿಲೆ ಬಂದಿದ್ದು 72ಕ್ಕೆ, ಇನ್ನೂ ನಾಲ್ಕೇ ವರ್ಷ. ನಡುಕ ಇಲ್ಲವೇ ಇಲ್ಲ. ಆದರೆ ಮೈಯೆಲ್ಲ ಬಿಗಿ, ಹೆಜ್ಜೆ ನಿಧಾನ, ಸಂಜೆಯಾದರೆ ಬಾಗಿಲ ಹತ್ತಿರ ಮಗುವೊಂದು ನಿಂತಿದೆ ಎನ್ನುತ್ತಾರೆ. "ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು, ಒಂದೇ ಕಾಯಿಲೆ. ಇಷ್ಟು ವ್ಯತ್ಯಾಸ ಯಾಕೆ? ಡಾಕ್ಟರು ಯಾರಿಗೋ ಒಬ್ಬರಿಗೆ ತಪ್ಪು ಹೇಳಿದ್ದಾರಾ? ನಾನೂ ಜೀನ್ ಟೆಸ್ಟ್ ಮಾಡಿಸಿಕೊಳ್ಳಲಾ?" ಎಂದು ಕೇಳಿದ್ದೀರಿ.

ಡಾಕ್ಟರು ತಪ್ಪು ಹೇಳಿರಲೇಬೇಕು ಅಂತೇನಿಲ್ಲ. ಪಾರ್ಕಿನ್ಸನ್ ಎಂದರೆ ನಡುಕ ಎಂದೇ ನಾವೆಲ್ಲ ತಿಳಿದಿದ್ದೇವೆ. ಆದರೆ ಡಾಕ್ಟರು ಮೊದಲು ನೋಡುವುದು ಚಲನೆ ನಿಧಾನವಾಗಿದೆಯಾ ಎಂದು. ಅದರ ಜೊತೆ ನಡುಕವೋ ಬಿಗಿತವೋ ಒಂದಿದ್ದರೆ ಸಾಕು. ನಡುಕವೇ ಬಾರದ ರೋಗಿಗಳು ಬೇಕಾದಷ್ಟು ಜನ ಇದ್ದಾರೆ. ಎಲ್ಲರಲ್ಲೂ ಮಿದುಳಿನ ಆಳದಲ್ಲಿ ಡೋಪಮಿನ್ (ಚಲನೆ ಸರಾಗವಾಗಲು ಬೇಕಾದ ರಾಸಾಯನಿಕ) ತಯಾರಿಸುವ ಜೀವಕೋಶಗಳು ಸಾಯುತ್ತಿರುತ್ತವೆ. ಅವು ಯಾಕೆ ಸಾಯುತ್ತವೆ, ಅವುಗಳ ಜೊತೆ ಮಿದುಳಿನ ಇನ್ಯಾವ ಭಾಗ ಕೆಡುತ್ತದೆ ಎನ್ನುವುದು ಮಾತ್ರ ಒಬ್ಬೊಬ್ಬರಲ್ಲಿ ಒಂದೊಂದು ಥರ. ಜೀನ್‌ಗಳ ಕೈವಾಡ ಇರುವುದು ಅಲ್ಲೇ.

ಇದನ್ನು ತುಂಬಾ ಸ್ಪಷ್ಟವಾಗಿ ತೋರಿಸುವುದು ಎಸ್‌ಎನ್‌ಸಿಎ ಎಂಬ ಜೀನ್. ಪಾರ್ಕಿನ್ಸನ್‌ಗೂ ಜೀನ್‌ಗೂ ಅಷ್ಟೇನೂ ಸಂಬಂಧವಿಲ್ಲ ಎಂದು ಎಷ್ಟೋ ತಜ್ಞರು ನಂಬಿದ್ದ ಕಾಲದಲ್ಲಿ, 1997ರಲ್ಲಿ, ಇಟಲಿ ಮೂಲದ ಒಂದು ದೊಡ್ಡ ಕುಟುಂಬದಲ್ಲಿ ಈ ಜೀನಿನ ದೋಷ ಸಿಕ್ಕಿತು. ಆಲ್ಫಾ ಸಿನ್ಯೂಕ್ಲಿನ್ ಎಂಬ ಪ್ರೋಟೀನನ್ನು ತಯಾರಿಸುವುದು ಇದೇ ಜೀನ್. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಗಂಟುಗಟ್ಟಿ ಕೂರುವುದೂ ಅದೇ ಪ್ರೋಟೀನ್. ಎಲ್ಲರಲ್ಲೂ ಈ ಜೀನಿನ ಎರಡು ಪ್ರತಿ ಇರುತ್ತವೆ, ಅಪ್ಪನಿಂದ ಒಂದು, ಅಮ್ಮನಿಂದ ಒಂದು. ಅಪರೂಪಕ್ಕೆ ಕೆಲವು ಕುಟುಂಬಗಳಲ್ಲಿ ಮೂರು ಇರುತ್ತವೆ. ಅವರಿಗೆ ಬರುವ ಕಾಯಿಲೆ ಎಷ್ಟೋ ಸಲ ಮಾಮೂಲಿ ಪಾರ್ಕಿನ್ಸನ್ ಥರವೇ ಇರುತ್ತದೆ, ಸ್ವಲ್ಪ ಬೇಗ ಬರುತ್ತದೆ ಅಷ್ಟೇ. ನಾಲ್ಕು ಪ್ರತಿ ಇರುವ ಕುಟುಂಬವೊಂದು 2003ರಲ್ಲಿ ಪತ್ತೆಯಾಯಿತು. ಅಲ್ಲಿ ಮೂವತ್ತು ನಲವತ್ತರ ವಯಸ್ಸಿಗೇ ಕಾಯಿಲೆ ಶುರು, ಬೆಳೆಯುವುದೂ ಜೋರು, ಜೊತೆಗೆ ಮರೆಗುಳಿತನ (ಡಿಮೆನ್ಷಿಯಾ). ಪ್ರೋಟೀನಿನಲ್ಲಿ ದೋಷವೇನೂ ಇಲ್ಲ, ಪ್ರಮಾಣ ಜಾಸ್ತಿ, ಅಷ್ಟೇ! ನನಗಂತೂ ಇದನ್ನು ಓದಿದಾಗ ಮೈ ಜುಮ್ಮೆಂದಿತು.

ಪಾರ್ಕಿನ್ ಎಂಬ ಜೀನಿನ ಕಥೆ ಇದಕ್ಕೆ ಪೂರ್ತಿ ಉಲ್ಟಾ. ಜಪಾನಿನ ಸಂಶೋಧಕರು 1998ರಲ್ಲಿ ಇದನ್ನು ಕಂಡುಹಿಡಿದರು. ಎರಡೂ ಪ್ರತಿ ಕೆಟ್ಟರೆ ನಲವತ್ತರ ಒಳಗೇ ಕಾಯಿಲೆ ಕಾಣಿಸಿಕೊಳ್ಳಬಹುದು. ನಡೆಯುವಾಗ ಪಾದ ಒಳಕ್ಕೆ ತಿರುಚಿಕೊಳ್ಳುವುದೇ ಕೆಲವರಿಗೆ ಮೊದಲ ಲಕ್ಷಣ. ರಾತ್ರಿ ಚೆನ್ನಾಗಿ ನಿದ್ದೆ ಬಂದರೆ ಬೆಳಿಗ್ಗೆ ಮಾತ್ರೆ ನುಂಗುವ ಮೊದಲೇ ಮೈ ಸಡಿಲ ಅನ್ನಿಸುವುದೂ ಉಂಟು. ಕಾಯಿಲೆ ನಿಧಾನಕ್ಕೆ ಬೆಳೆಯುತ್ತದೆ. ಬುದ್ಧಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಪಾರ್ಕಿನ್ಸನ್‌ಗೆ ಕೊಡುವ ಮುಖ್ಯ ಔಷಧಿಯಾದ ಲೆವೊಡೋಪಾ ಮಾತ್ರೆ ಸ್ವಲ್ಪವೇ ಕೊಟ್ಟರೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಅದರಿಂದಾಗುವ ಕೈಕಾಲಿನ ಓಲಾಟವೂ ಬೇಗ ಶುರುವಾಗಬಹುದು.

ಎಲ್‌ಆರ್‌ಆರ್‌ಕೆ2 ಇನ್ನೊಂದು ಜೀನ್. (ಈ ಹೆಸರಿಟ್ಟವರಿಗೆ ಪತ್ರಿಕೆಯವರ ಮೇಲೆ ಸ್ವಲ್ಪವೂ ಕರುಣೆ ಇದ್ದಂತಿಲ್ಲ.) ಇದರ ದೋಷದಿಂದ ಬರುವ ಕಾಯಿಲೆಯಲ್ಲಿ ನೆನಪಿನ ಶಕ್ತಿ ಮಾಮೂಲಿಗಿಂತ ಚೆನ್ನಾಗಿಯೇ ಉಳಿಯುತ್ತದೆ, ವಾಸನೆ ತಿಳಿಯುವ ಶಕ್ತಿಯೂ ಅಷ್ಟಾಗಿ ಹೋಗುವುದಿಲ್ಲ. ಅದೂ ಅಲ್ಲದೆ, ಈ ದೋಷ ಇದ್ದೂ ಕಾಯಿಲೆಯೇ ಬಾರದೆ ಎಂಬತ್ತು ದಾಟಿದವರು ತುಂಬಾ ಜನ.

ನಿಮ್ಮ ದೊಡ್ಡಪ್ಪನ ವಿಷಯ ಓದಿದಾಗ ನನಗೆ ನೆನಪಾಗಿದ್ದು ಜಿಬಿಎ1. ಜೀವಕೋಶದೊಳಗಿನ ಕಸ ವಿಲೇವಾರಿಗೆ ಬೇಕಾದ ಕಿಣ್ವವೊಂದನ್ನು ತಯಾರಿಸುವ ಜೀನ್ ಇದು. ಎರಡೂ ಪ್ರತಿ ಕೆಟ್ಟರೆ ಗೌಶೆ ಎಂಬ ಬೇರೆಯೇ ಕಾಯಿಲೆ ಬರುತ್ತದೆ. ಆ ರೋಗಿಗಳಲ್ಲೂ ಅವರ ಸಂಬಂಧಿಕರಲ್ಲೂ ಪಾರ್ಕಿನ್ಸನ್ ಜಾಸ್ತಿ ಕಾಣಿಸುತ್ತಿದೆಯಲ್ಲ ಎಂದು ವೈದ್ಯರು ಗಮನಿಸಿದರು. ಐದು ಸಾವಿರಕ್ಕೂ ಹೆಚ್ಚು ಪಾರ್ಕಿನ್ಸನ್ ರೋಗಿಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2009ರಲ್ಲಿ ಅದನ್ನು ಖಚಿತಪಡಿಸಿತು. ಒಂದು ಪ್ರತಿ ಕೆಟ್ಟವರಿಗೆ ಪಾರ್ಕಿನ್ಸನ್ ಬಂದೇ ಬರುತ್ತದೆ ಎಂದಲ್ಲ. ಬಂದರೆ ಮಾತ್ರ ಮರೆವು, ಇಲ್ಲದ್ದು ಕಣ್ಣಿಗೆ ಕಾಣುವುದು ಇವೆಲ್ಲ ಬೇಗ ಶುರುವಾಗುವ ಸಂಭವ ಹೆಚ್ಚು. ಅದರಲ್ಲೂ ದೋಷದ ಬಗೆಯಿಂದ ಬಗೆಗೆ ತೀವ್ರತೆ ಬೇರೆ.

ಹಾಗಂತ ದೊಡ್ಡಪ್ಪನಿಗೆ ಜಿಬಿಎ1 ದೋಷವೇ ಇದೆ ಎಂದು ತೀರ್ಮಾನ ಮಾಡಬೇಡಿ. ಕಾಯಿಲೆ ತಡವಾಗಿ ಬಂದವರಲ್ಲಿ ಮರೆವು ಬೇಗ ಕಾಣಿಸುವುದು ಸಾಮಾನ್ಯ, ಅವರಿಗೆ ಬಂದಿದ್ದು 72ಕ್ಕೆ. ಅಣ್ಣತಮ್ಮಂದಿರಲ್ಲಿ ಒಂದೇ ಥರ ಇರುವುದು ಸರಾಸರಿ ಅರ್ಧದಷ್ಟು ಜೀನ್‌ಗಳು ಮಾತ್ರ. ಕಾಯಿಲೆ ತರುವ ಜೀನ್ ಬೇರೆ, ಬಂದ ಮೇಲೆ ಅದು ಯಾವ ದಾರಿ ಹಿಡಿಯಬೇಕು ಎನ್ನುವುದರಲ್ಲಿ ಕೈ ಆಡಿಸುವ ಜೀನ್ ಬೇರೆ ಇರಬಹುದು. ಅಲ್ಝೈಮರ್‌ಗೆ ಸಂಬಂಧಿಸಿದ ಎಪಿಒಇ ಜೀನಿನ ಒಂದು ರೂಪ ಪಾರ್ಕಿನ್ಸನ್ ರೋಗಿಗಳ ನೆನಪನ್ನೂ ಬೇಗ ಕುಗ್ಗಿಸುತ್ತದೆ. ಅಷ್ಟೇ ಯಾಕೆ, ಒಂದೇ ಮನೆಯಲ್ಲಿ ಒಬ್ಬರಿಗೆ ಜೀನ್ ದೋಷದಿಂದಲೇ ಕಾಯಿಲೆ ಬಂದು, ಆ ದೋಷವೇ ಇಲ್ಲದ ಇನ್ನೊಬ್ಬರಿಗೆ ಬೇರೆ ಕಾರಣದಿಂದ ಬಂದ ಉದಾಹರಣೆಗಳೂ ಇವೆ.

ಇನ್ನು ನಿಮ್ಮ ಟೆಸ್ಟ್. ಸದ್ಯಕ್ಕೆ ಬೇಡ ಎನ್ನುವುದು ನನ್ನ ಅಭಿಪ್ರಾಯ. ನೂರು ರೋಗಿಗಳನ್ನು ಪರೀಕ್ಷಿಸಿದರೆ ಗುರುತಿಸಬಹುದಾದ ಜೀನ್ ದೋಷ ಸಿಗುವುದು ಸುಮಾರು 10ರಿಂದ 15 ಜನರಲ್ಲಿ. ಅಪ್ಪನಲ್ಲಿ ಏನಿದೆ ಎಂದು ಗೊತ್ತಿಲ್ಲದೆ ನಿಮ್ಮೊಬ್ಬರನ್ನೇ ಪರೀಕ್ಷಿಸಿ, ಏನೂ ಸಿಗದಿದ್ದರೆ ಅದರಿಂದ ತಿಳಿಯುವುದು ಅಷ್ಟಕ್ಕಷ್ಟೇ. ಸಿಕ್ಕಿದರೂ ಕಾಯಿಲೆ ಬಾರದಂತೆ ತಡೆಯುವ ಔಷಧಿ ಇನ್ನೂ ಇಲ್ಲ. ಮಾಡಿಸುವುದೇ ಆದರೆ ಅಪ್ಪನಿಗೋ ದೊಡ್ಡಪ್ಪನಿಗೋ ಮೊದಲು ಮಾಡಿಸಿ, ಅದೂ ಜೆನೆಟಿಕ್ ಕೌನ್ಸೆಲರ್ ಜೊತೆ ಮಾತಾಡಿದ ಮೇಲೆ. ಎಲ್‌ಆರ್‌ಆರ್‌ಕೆ2, ಜಿಬಿಎ1 ದೋಷ ಇರುವವರಿಗೆಂದೇ ಔಷಧಿಗಳ ಪ್ರಯೋಗ ನಡೆಯುತ್ತಿದೆ, ಅದಕ್ಕೆ ಸೇರಿಕೊಳ್ಳಲು ಈ ಫಲಿತಾಂಶ ಬೇಕಾಗುತ್ತದೆ. ಮಿದುಳಿಗೆ ವಿದ್ಯುತ್ ತಂತಿ ಅಳವಡಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದರೂ ಇದು ನೆರವಾದೀತು. ಆ ಚಿಕಿತ್ಸೆಯ ನಂತರ ಜಿಬಿಎ1 ದೋಷ ಇರುವವರ ನೆನಪು ಬೇಗ ಕುಗ್ಗುತ್ತದೆ ಎಂದು ಅಧ್ಯಯನಗಳು ಹೇಳುತ್ತವೆ.

ಟೆಸ್ಟ್‌ಗಿಂತ ಅರ್ಜೆಂಟಾದ ಕೆಲಸ ಒಂದಿದೆ. ದೊಡ್ಡಪ್ಪನಿಗೆ ಸಂಜೆ ಮಗು ಕಾಣುವ ವಿಷಯವನ್ನು ಅವರ ನರರೋಗ ತಜ್ಞರಿಗೆ ಇನ್ನೂ ಹೇಳಿಲ್ಲ ಎಂದು ಬರೆದಿದ್ದೀರಿ. ಈ ವಾರವೇ ಹೇಳಿ. ಪಾರ್ಕಿನ್ಸನ್‌ಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹೀಗಾಗುತ್ತದೆ, ಮೂತ್ರದ ಸೋಂಕಿನಿಂದಲೂ ಆಗುತ್ತದೆ. ಅವರು ನುಂಗುವ ಎಲ್ಲ ಮಾತ್ರೆಗಳ ಚೀಟಿ ತೆಗೆದುಕೊಂಡು ಹೋಗಿ. ನೀವಾಗಿಯೇ ಯಾವುದನ್ನೂ ನಿಲ್ಲಿಸಬೇಡಿ, ಪಾರ್ಕಿನ್ಸನ್ ಮಾತ್ರೆಯನ್ನು ಇದ್ದಕ್ಕಿದ್ದಂತೆ ಬಿಟ್ಟರೆ ಜೀವಕ್ಕೇ ಅಪಾಯ ಆಗಬಹುದು.

– ಸಂಪಾದಕ